ಯಾರು ಹೇಳಿದ್ದು, ತಾತ?

"ವಿದುರಾಶ್ವತ್ಥದ ಗೋಲಿಬಾರಿನಲ್ಲಿ ಎಷ್ಟು ಜನ ಸತ್ತರು, ತಾತ?"

ಬೇಸಗೆ ರಜೆಗೆ ಚಿಂತಾಮಣಿ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದ ಮೊಮ್ಮಗಳು ಕೇಳಿದಳು. ಎಂಟನೇ ತರಗತಿ ಮುಗಿಸಿದವಳು.

"32" ಎಂದೆ, ಒಂದು ಕ್ಷಣವೂ ಯೋಚಿಸದೆ.

"ಯಾರು ಹೇಳಿದ್ದು?"

"ಯಾರು ಹೇಳೋದೇನು? ನಮ್ಮಪ್ಪ ಹೇಳುತ್ತಿದ್ದರು. ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರೋ ಸಂಗತಿ."

ಅವಳು ಮಡಿಲಲ್ಲಿದ್ದ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. "ಇದರಲ್ಲಿ 35 ಅಂತಿದೆ."

ನಾನು ಕನ್ನಡಕ ಹುಡುಕಿಕೊಂಡೆ. ಹೌದು, 35 ಎಂದೇ ಇತ್ತು. ಎಪ್ಪತ್ತು ದಾಟಿದ ಮೇಲೆ ಮೊಮ್ಮಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ನಾನು ಹೇಳಿದ್ದು ತಪ್ಪೋ, ಪುಸ್ತಕದಲ್ಲಿದ್ದದ್ದು ತಪ್ಪೋ ಎಂಬುದೂ ತಿಳಿಯಲಿಲ್ಲ. ಆ ಬೇಸಗೆಯೆಲ್ಲ ನಾವಿಬ್ಬರೂ ಕೂತು ಕಲಿತದ್ದು ಈ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನೇ: ಯಾರು ಹೇಳಿದ್ದು?

ಮೊದಲ ದಿನದ ಮುಖಭಂಗ

ಇದಕ್ಕೆ ಕಾರಣ ಕನ್ನಡ ವಿಕಿಪೀಡಿಯ. ನಮ್ಮ ಊರಿನ ಬಗ್ಗೆ ಅಲ್ಲಿ ಒಂದು ಪುಟ ಬರೆಯಬೇಕೆಂದು ಮೊಮ್ಮಗಳು ಹೊರಟಳು. ನಾನು ಹೇಳಿದೆ, ಅವಳು ಮೊಬೈಲಿನಲ್ಲಿ ಟೈಪು ಮಾಡಿದಳು. "ನಮ್ಮ ಊರು ಪ್ರಕೃತಿಯ ಮಡಿಲಲ್ಲಿರುವ ಅತ್ಯಂತ ರಮಣೀಯವಾದ ಊರು. ಇಲ್ಲಿನ ಜನರು ಅತಿಥಿ ಸತ್ಕಾರಕ್ಕೆ ಹೆಸರುವಾಸಿ. ಇಲ್ಲಿನ ಮಾವಿನಹಣ್ಣಿನ ರುಚಿ ಎಲ್ಲೂ ಇಲ್ಲ." ಕೊನೆಯಲ್ಲಿ ನಮ್ಮ ಮನೆತನದ ಬಗ್ಗೆಯೂ ನಾಲ್ಕು ಸಾಲು ಸೇರಿಸಿದೆವು. ನನ್ನ ತಾತ ಊರಿಗೆ ಮಾಡಿದ ಉಪಕಾರವನ್ನು ಯಾರಾದರೂ ಬರೆಯಬೇಡವೇ?

ಮರುದಿನ ಬೆಳಿಗ್ಗೆ ನೋಡಿದರೆ ಎರಡೇ ವಾಕ್ಯ ಉಳಿದಿದ್ದವು. ಊರು ಯಾವ ತಾಲ್ಲೂಕಿನಲ್ಲಿದೆ, ಯಾವ ಜಿಲ್ಲೆಯಲ್ಲಿದೆ, ಅಷ್ಟೇ. ಉಳಿದದ್ದೆಲ್ಲ ಹೋಗಿತ್ತು. ಮೊಮ್ಮಗಳ ಕಣ್ಣಲ್ಲಿ ನೀರು. ನನಗೆ ಕೋಪ. "ನಮ್ಮ ಊರಿನ ವಿಷಯ ನಮಗಿಂತ ಚೆನ್ನಾಗಿ ಇವರಿಗೆ ಗೊತ್ತೋ?" ಎಂದು ಗೊಣಗಿದೆ.

ಅಳಿಸಿದವರು ಒಂದು ಚೀಟಿ ಬಿಟ್ಟು ಹೋಗಿದ್ದರು. ಪ್ರತಿ ಲೇಖನದ ಜೊತೆಗೂ ಒಂದು ಚರ್ಚೆಪುಟ ಇರುತ್ತದೆ, ಅಲ್ಲಿ. ಊರಿನ ಬಗ್ಗೆ ಬರೆಯಲು ಮುಂದಾದದ್ದಕ್ಕೆ ವಂದನೆ ಹೇಳಿ, ಮೂರು ಮಾತು ಸೇರಿಸಿದ್ದರು. ಬರೆದದ್ದಕ್ಕೆ ಆಧಾರ ಕೊಟ್ಟಿಲ್ಲ. ವರ್ಣನೆ ಹೊಗಳಿಕೆಯಾಗಿದೆ. ಸ್ವಂತ ಮನೆತನದ ಬಗ್ಗೆ ತಾವೇ ಬರೆದುಕೊಳ್ಳುವುದು ಸರಿಯಲ್ಲ. ಕೋಪ ಇಳಿದ ಮೇಲೆ ಮತ್ತೊಮ್ಮೆ ಓದಿದೆ. ಮೂರೂ ನಿಜವೇ ಆಗಿದ್ದವು.

ಬೀಗ ಹಾಕದ ಮನೆ

ನನ್ನ ವಯಸ್ಸಿನವರಿಗೆ ವಿಶ್ವಕೋಶ ಎಂದರೆ ಕಪಾಟಿನಲ್ಲಿ ಕೂತ ದಪ್ಪ ಪುಸ್ತಕ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ತಂದರು. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಏಳು ಸಂಪುಟಗಳಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಈ ಪುಸ್ತಕಗಳ ಬಾಗಿಲಲ್ಲಿ ಸಂಪಾದಕರು, ವಿದ್ವಾಂಸರು ಕೂತಿರುತ್ತಿದ್ದರು. ಅವರು ತಿದ್ದಿ, ಒಪ್ಪಿದ ಮೇಲೆಯೇ ಒಂದು ಸಾಲು ಅಚ್ಚಾಗುತ್ತಿತ್ತು.

ವಿಕಿಪೀಡಿಯದ ಬಾಗಿಲಿಗೆ ಬೀಗವಿಲ್ಲ. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ಅಮೆರಿಕದಲ್ಲಿ ಅದನ್ನು ಶುರುಮಾಡಿದ್ದು 2001ರ ಜನವರಿ 15ರಂದು. 'ವಿಕಿ' ಎಂದರೆ ಹವಾಯಿ ದ್ವೀಪದ ಮಾತಿನಲ್ಲಿ 'ಬೇಗ' ಎಂದರ್ಥ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ 30 ಸಾವಿರ ದಾಟಿವೆ. ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇರುವುದಿಲ್ಲ. ಯಾರು ಬೇಕಾದರೂ 'ಸಂಪಾದಿಸಿ' ಎಂಬ ಗುಂಡಿ ಒತ್ತಿ ಬರೆಯಬಹುದು, ತಿದ್ದಬಹುದು.

"ಹಾಗಾದರೆ ಯಾರು ಬೇಕಾದರೂ ಸುಳ್ಳು ಬರೆಯಬಹುದಲ್ಲ?" ಎಂದೆ.

"ಅದಕ್ಕೇ ತಾತ, ನಿಯಮ ಇರೋದು" ಎಂದಳು.

ಬೀಗವಿಲ್ಲದ ಮನೆ ಉಳಿಯಬೇಕಾದರೆ ಒಳಗೆ ಬಂದವರೆಲ್ಲ ಮನೆಯವರಂತೆ ನಡೆದುಕೊಳ್ಳಬೇಕು. ಆ ನಡವಳಿಕೆಯನ್ನು ನಾವು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಸಂಗತಿಗಳನ್ನೇ ಹಿಡಿದು ಕಲಿತೆವು.

ಗೌರಿಬಿದನೂರು: ಲೆಕ್ಕ ಕೂಡದಿದ್ದಾಗ

1938ರ ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸುತ್ತಲ ಹಳ್ಳಿಗಳ ಜನ ಸೇರಿದ್ದರು. ಆಗ ಮೈಸೂರು ಸಂಸ್ಥಾನ. ಅದೇ ತಿಂಗಳು ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಹಾರಿಸಿದ್ದರ ಬಿಸಿ ಇನ್ನೂ ಆರಿರಲಿಲ್ಲ. ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಘಟನೆಯ ನಂತರ ಸರ್ದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿದರು. ಸರಕಾರ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ. ಜನ ಅದನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎನ್ನುತ್ತಾರೆ.

ಸತ್ತವರೆಷ್ಟು? ಕೆಲವು ಕಡೆ 32, ಕೆಲವು ಕಡೆ 35. ಆಗಿನ ಸರಕಾರ ಒಪ್ಪಿಕೊಂಡದ್ದು ಇವೆರಡಕ್ಕಿಂತ ಬಹಳ ಕಡಿಮೆ.

"ಸರಾಸರಿ ತೆಗೆಯೋಣವಾ?" ಎಂದಳು ಮೊಮ್ಮಗಳು, ನಗುತ್ತ.

ತಮಾಷೆಗೆ ಹೇಳಿದ್ದರೂ ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಮನೆಗೆ ಮರಳದವರು ಮನುಷ್ಯರು. ಅವರನ್ನು ಸರಾಸರಿ ತೆಗೆಯಲು ಬರುವುದಿಲ್ಲ. ನನಗೆ ಇಷ್ಟವಾದ ಸಂಖ್ಯೆ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಡುವುದೂ ಸರಿಯಲ್ಲ. ವಿಕಿಪೀಡಿಯದ ಪದ್ಧತಿ ಹೀಗೆ: ನಂಬಬಹುದಾದ ಮೂಲಗಳು ಬೇರೆ ಬೇರೆ ಹೇಳಿದರೆ ಎಲ್ಲವನ್ನೂ ಬರೆ, ಯಾವುದನ್ನು ಯಾರು ಹೇಳಿದರು ಎಂಬುದನ್ನೂ ಬರೆ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಒಂದು ಪುಟ್ಟ ಅಂಕಿ ಹಾಕಿ, ಪುಟದ ಕೊನೆಯಲ್ಲಿ ಪುಸ್ತಕದ ಹೆಸರು, ಬರೆದವರು, ಪ್ರಕಟವಾದ ವರ್ಷ, ಪುಟದ ಸಂಖ್ಯೆ ಕೊಡು. ಇದಕ್ಕೆ 'ಉಲ್ಲೇಖ' ಎನ್ನುತ್ತಾರೆ. ಓದುವವರಿಗೆ ಅನುಮಾನ ಬಂದರೆ ಆ ಪುಸ್ತಕ ತೆಗೆದು ನೋಡಿಕೊಳ್ಳಲಿ.

ಅದೇ ಊರಿನ ಇನ್ನೊಂದು ಸಂಗತಿ. ವಿದುರಾಶ್ವತ್ಥದ ಹೆಸರಿನಲ್ಲೇ ಅಶ್ವತ್ಥ ಮರವಿದೆ. ಅದನ್ನು ಮಹಾಭಾರತದ ವಿದುರ ನೆಟ್ಟನೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆ ಹಳೆಯ ಮರ 2001ರಲ್ಲಿ ಬಿದ್ದುಹೋಯಿತು. "ಈ ಮರವನ್ನು ವಿದುರ ನೆಟ್ಟನು" ಎಂದು ಬರೆದರೆ ಅದು ಇತಿಹಾಸವಾಗಿಬಿಡುತ್ತದೆ. "ವಿದುರ ನೆಟ್ಟನೆಂಬ ನಂಬಿಕೆಯಿದೆ" ಎಂದರೆ ನಿಜ, ಏಕೆಂದರೆ ಆ ನಂಬಿಕೆ ಖಂಡಿತ ಇದೆ. "ಮರ 2001ರಲ್ಲಿ ಬಿದ್ದಿತು" ಎಂಬುದಕ್ಕೆ ನಂಬಿಕೆ ಬೇಡ, ಪತ್ರಿಕೆಯ ಸುದ್ದಿ ಸಾಕು. ಹೀಗೆ ಬರೆದರೆ ನಂಬುವವರಿಗೂ ಅವಮಾನವಿಲ್ಲ, ಪ್ರಶ್ನಿಸುವವರಿಗೂ ಮೋಸವಿಲ್ಲ.

ಪ್ರಶ್ನಿಸುವುದು ಈ ತಾಲ್ಲೂಕಿಗೆ ಹೊಸದೇನಲ್ಲ. ಇಲ್ಲಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಬಡ ಹುಡುಗ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಮಕ್ಕಳಿಗೆ ಹೇಳಿದರು. ನನ್ನ ಮೊಮ್ಮಗಳು ಅವರನ್ನು ನೋಡಿದವಳಲ್ಲ. ಅವರು ತೀರಿಕೊಂಡದ್ದು 2005ರಲ್ಲಿ. ಆದರೂ ಅವಳ ಪ್ರಶ್ನೆ ಅವರದೇ.

ಚಿಕ್ಕಬಳ್ಳಾಪುರ: ಹೊಗಳಬೇಡಿ, ಕೆಲಸ ಹೇಳಿ

ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಪ್ಯಾರಾ ಬರೆಯಲು ಮೊಮ್ಮಗಳಿಗೆ ಹೇಳಿದೆ, ಅಭ್ಯಾಸಕ್ಕೆಂದು. ಅವಳು ಬರೆದದ್ದು: "ಅಪ್ರತಿಮ ಮೇಧಾವಿ, ಮಹಾನ್ ಚೇತನ, ಭಾರತಾಂಬೆಯ ಹೆಮ್ಮೆಯ ಪುತ್ರ." ಭಾಷಣಕ್ಕೆ ಚೆನ್ನಾಗಿದೆ. ಆದರೆ ಇದನ್ನು ಓದಿದವನಿಗೆ ಅವರೇನು ಮಾಡಿದರು ಎಂಬುದು ತಿಳಿಯುವುದಿಲ್ಲ.

ಬಣ್ಣದ ಮಾತುಗಳನ್ನೆಲ್ಲ ಹೊಡೆದು ಹಾಕಿ ಮತ್ತೆ ಬರೆದೆವು. 1912ರಲ್ಲಿ ಮೈಸೂರಿನ ದಿವಾನರಾದರು. ಕೃಷ್ಣರಾಜಸಾಗರ ಅಣೆಕಟ್ಟಿನ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದರು. 1955ರಲ್ಲಿ ಭಾರತರತ್ನ ಪಡೆದರು. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನು ದೇಶದಲ್ಲಿ ಎಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ಒಂದು ಹೊಗಳಿಕೆಯೂ ಇಲ್ಲ. ಆದರೂ ಓದಿದವರು ದೊಡ್ಡ ಮನುಷ್ಯ ಎಂದುಕೊಳ್ಳದೆ ಇರಲಾರರು. ಇದಕ್ಕೆ ವಿಕಿಪೀಡಿಯದವರು ತಟಸ್ಥ ದೃಷ್ಟಿಕೋನ ಎನ್ನುತ್ತಾರೆ. ಹೊಗಳಿಕೆಗೆ ಹೇಗೋ ಬೈಗುಳಕ್ಕೂ ಇದೇ ನಿಯಮ.

ಹುಟ್ಟಿದ ವರ್ಷಕ್ಕೆ ಬಂದಾಗ ಮತ್ತೆ ತಡೆ. ಒಂದು ಪುಸ್ತಕದಲ್ಲಿ 1860, ಇನ್ನೊಂದರಲ್ಲಿ 1861. ನನ್ನ ಹಳೆಯ ಅಂಚೆಚೀಟಿಯ ಆಲ್ಬಂ ನೆನಪಾಯಿತು. ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ಆಗ ಅವರೇ ಬದುಕಿದ್ದರು! ಅವರು ತೀರಿಕೊಂಡದ್ದು 1962ರಲ್ಲಿ. "ಹಾಗಾದರೆ 1860 ಎಂದೇ ಆಯಿತಲ್ಲ, 1861 ತಪ್ಪು ಅಂತ ಬರೆದುಬಿಡು" ಎಂದು ಗೆದ್ದವನ ಹಾಗೆ ಹೇಳಿದೆ.

ಅವಳು ತಲೆಯಾಡಿಸಿದಳು. ಅಂಚೆಚೀಟಿ ಒಂದು ಮೂಲ. 1861 ಎನ್ನುವ ಪುಸ್ತಕ ಇನ್ನೊಂದು ಮೂಲ. ಎರಡನ್ನೂ ಪಕ್ಕಪಕ್ಕ ಇಡುವುದಷ್ಟೇ ನಮ್ಮ ಕೆಲಸ. ಎರಡನ್ನೂ ಕೂಡಿಸಿ, ಯಾವ ಪುಸ್ತಕದಲ್ಲೂ ಇಲ್ಲದ ಮೂರನೆಯ ತೀರ್ಪನ್ನು ನಾವೇ ಕೊಡಬಾರದು. ಹಾಗೆ ತೀರ್ಪು ಕೊಡಬೇಕಾದರೆ ಸಂಶೋಧನಾ ಲೇಖನ ಬರೆದು ಬೇರೆಡೆ ಪ್ರಕಟಿಸಬೇಕು. ಆಮೇಲೆ ಅದನ್ನೇ ಉಲ್ಲೇಖವಾಗಿ ಕೊಡಬಹುದು.

ಇನ್ನೂ ಒಂದು ಪೇಚು. ನನ್ನ ಹಳೆಯ ಪುಸ್ತಕಗಳಲ್ಲೆಲ್ಲ ಮುದ್ದೇನಹಳ್ಳಿ ಕೋಲಾರ ಜಿಲ್ಲೆಯಲ್ಲಿದೆ. ಪುಸ್ತಕ ಸುಳ್ಳಲ್ಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಉಲ್ಲೇಖ ಇದ್ದರೆ ಸಾಲದು, ಅದು ಯಾವ ವರ್ಷದ್ದು ಎಂದೂ ನೋಡಬೇಕು. 'ಇತ್ತೀಚೆಗೆ', 'ಈಗ', 'ಕಳೆದ ವರ್ಷ' ಎಂದು ಬರೆಯಬಾರದು. ಹತ್ತು ವರ್ಷದ ನಂತರ ಓದುವವರಿಗೆ ಅದು ಯಾವ 'ಈಗ'? ಇಸವಿ ಹಾಕಿದರೆ ಆ ತೊಂದರೆಯಿಲ್ಲ.

ಚಿಂತಾಮಣಿ: ಸಂಗತಿ ಎಲ್ಲರದು, ವಾಕ್ಯ ಬರೆದವರದು

ನಮ್ಮ ತಾಲ್ಲೂಕಿನ ಕೈವಾರದ ಬಗ್ಗೆ ಬರೆಯುವಾಗ ನಾನೇ ಎಡವಿದೆ. ಪಾಂಡವರು ಅಜ್ಞಾತವಾಗಿದ್ದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂಬ ಪ್ರತೀತಿ ಉಂಟು. ಕೈವಾರ ತಾತಯ್ಯ ಎಂದು ನಾವು ಕರೆಯುವ ಯೋಗಿ ನಾರೇಯಣರ ಕಾಲ 1726ರಿಂದ 1836 ಎಂದು ಹೇಳುತ್ತಾರೆ. ಅಂದರೆ 110 ವರ್ಷ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಇದನ್ನೆಲ್ಲ ಬರೆಯಲು ಒಂದು ಪುಸ್ತಕ ತೆರೆದಿಟ್ಟು, ಅರ್ಧ ಪುಟವನ್ನು ಹಾಗೆಯೇ ಓದಿ ಹೇಳಿದೆ. ಅವಳು ಟೈಪು ಮಾಡಿದಳು. ಕೊನೆಯಲ್ಲಿ ಪುಸ್ತಕದ ಹೆಸರನ್ನೂ ಕೊಟ್ಟೆವು. ಆಧಾರ ಕೊಟ್ಟಾಯಿತಲ್ಲ, ಇನ್ನೇನು?

ಅದೂ ಸಲ್ಲದು. ಸಂಗತಿ ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಹೇಳಿದ ವಾಕ್ಯ ಬರೆದವರದು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅವರ ಬರಹಕ್ಕೆ ಹಕ್ಕು ಇರುತ್ತದೆ. ಮಕ್ಕಳೇ, ಒಂದು ಲೆಕ್ಕ ಮಾಡಿ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅದಕ್ಕೆ 60 ಸೇರಿಸಿ. 2057 ಮುಗಿಯುವವರೆಗೆ ಅವರ ಪುಟಗಳನ್ನು ಹಾಗೇ ಎತ್ತಿ ಹಾಕುವಂತಿಲ್ಲ. ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದದ್ದನ್ನು ನಮ್ಮ ಮಾತಿನಲ್ಲಿ ಬರೆಯಬೇಕು. ಪುಸ್ತಕದ ಹೆಸರನ್ನೂ ಕೊಡಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ವಿಕಿಪೀಡಿಯದಲ್ಲಿ ನಾವು ಬರೆದದ್ದನ್ನು ಯಾರು ಬೇಕಾದರೂ ಮೂಲದ ಹೆಸರು ಹೇಳಿ ಬಳಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಮಾರಬಹುದು. ಅದಕ್ಕೆ ಒಪ್ಪಿಯೇ ನಾವು ಗುಂಡಿ ಒತ್ತುವುದು. ಇನ್ನೊಬ್ಬರ ಹೊಲದ ಬೆಳೆಯನ್ನು ನಾವು ದಾನ ಮಾಡಲು ಬರುತ್ತದೆಯೇ?

ಹಾಗೆಂದು ಹಳೆಯದೆಲ್ಲ ಬೀಗದೊಳಗಿಲ್ಲ. ಬಿ. ಎಲ್. ರೈಸ್ ಎಂಬ ವಿದ್ವಾಂಸರು ಮೈಸೂರು ಸಂಸ್ಥಾನದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ತಂದರು. ಅದರ 10ನೆಯ ಸಂಪುಟ ಕೋಲಾರ ಜಿಲ್ಲೆಯದು, ಪ್ರಕಟವಾದದ್ದು 1905ರಲ್ಲಿ. ಅದರಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳ ಕಲ್ಬರಹಗಳು ತಾಲ್ಲೂಕುವಾರು, ಸಂಖ್ಯೆವಾರು ಇವೆ. ರೈಸರು ತೀರಿಕೊಂಡದ್ದು 1927ರಲ್ಲಿ, ಆದ್ದರಿಂದ ಅದು ಈಗ ಎಲ್ಲರದು. ನಿಮ್ಮ ಊರ ಗುಡಿಯ ಮುಂದೆ ಸುಣ್ಣ ಬಳಿದ ವೀರಗಲ್ಲೋ ಕೆರೆ ಏರಿಯ ಮೇಲೆ ಅಕ್ಷರವಿರುವ ಕಲ್ಲೋ ಇದ್ದರೆ ಆ ಸಂಪುಟದಲ್ಲಿ ಹುಡುಕಿ. ಸಿಕ್ಕಿದರೆ ನಿಮ್ಮ ಊರಿನ ಪುಟಕ್ಕೆ ಒಳ್ಳೆಯ ಆಧಾರವಾದೀತು.

ನಮ್ಮ ಮನೆತನದ ವಿಷಯ? ಅದನ್ನು ಬಿಟ್ಟೆವು. ಜನವಸತಿಯಿರುವ ಊರಿಗೆ ಒಂದು ಪುಟ ಸಲ್ಲುತ್ತದೆ. ಆದರೆ ಒಬ್ಬ ವ್ಯಕ್ತಿಗೆ ಪುಟ ಬೇಕಾದರೆ ಅವರಿಗೆ ಸಂಬಂಧವಿಲ್ಲದವರು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅವರ ಬಗ್ಗೆ ಸಾಕಷ್ಟು ಬರೆದಿರಬೇಕು. ನನ್ನ ತಾತನ ಬಗ್ಗೆ ಬರೆದವನು ನಾನೊಬ್ಬನೇ.

ಶಿಡ್ಲಘಟ್ಟ: ಅಜ್ಜಿಗೆ ಗೊತ್ತು, ಆದರೆ…

ಮೊಮ್ಮಗಳ ಇನ್ನೊಬ್ಬ ಅಜ್ಜಿ, ಅಂದರೆ ನಮ್ಮ ಬೀಗಿತಿ, ಶಿಡ್ಲಘಟ್ಟದ ಕಡೆಯವರು. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಕೈ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಒಂದು ವಾರ ಅಲ್ಲಿಗೆ ಹೋದಾಗ ಮೊಮ್ಮಗಳು ನೋಟ್‌ಬುಕ್ ಹಿಡಿದು ಅಜ್ಜಿಯ ಹಿಂದೆಯೇ ಸುತ್ತಿದಳು.

ಚಾಕಿ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಸಾಲದು. ಹುಳ ಹಣ್ಣಾದಾಗ ಚಂದ್ರಿಕೆಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ಒಂದೇ ಗೂಡಿನಿಂದ ಸಾವಿರ ಮೀಟರಿನಷ್ಟು ಉದ್ದದ ಎಳೆ ಬರುವುದುಂಟು. ಹುಳದ ಮನೆಗೆ ಹೋಗುವಾಗ ಕೈಕಾಲು ತೊಳೆಯಬೇಕು, ಊದುಬತ್ತಿ ಹಚ್ಚಬಾರದು.

"ಇದನ್ನೆಲ್ಲ ಬರೀತೀನಿ ಅಜ್ಜಿ" ಎಂದಳು. ಬೀಗಿತಿಗೆ ಸಂತೋಷ. ನಾನು ಬಾಯಿ ಬಿಟ್ಟೆ: "ಉಲ್ಲೇಖ ಏನು ಕೊಡ್ತೀಯಮ್ಮ?"

ಮೌನ. ಬೀಗಿತಿ ನನ್ನ ಕಡೆ ತಿರುಗಿದರು. "ಅಲ್ಲ ಬೀಗರೇ, ನಲವತ್ತು ವರ್ಷ ಹುಳದ ಜೊತೆ ಮಲಗೆದ್ದವಳು ನಾನು. ನನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕಾ?"

ಇಡೀ ಬೇಸಗೆಯಲ್ಲಿ ನನಗೆ ಉತ್ತರ ಹೇಳಲು ಅತಿ ಕಷ್ಟವಾದ ಪ್ರಶ್ನೆ ಇದು. ವಿಕಿಪೀಡಿಯದ ನಿಯಮದಂತೆ ಬೇಕು. ಸ್ವಂತ ಅನುಭವ, ಸ್ವಂತ ಸಂಶೋಧನೆ ಅಲ್ಲಿಗೆ ನೇರವಾಗಿ ಸಲ್ಲದು. ಬೀಗಿತಿ ನಿಜ ಹೇಳುತ್ತಾರೆ ಎಂದು ನನಗೆ ಗೊತ್ತು. ಅವರನ್ನೇ ಕಾಣದ ಧಾರವಾಡದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಇಂದು ಅವರ ಮಾತನ್ನು ಒಪ್ಪಿದರೆ, ನಾಳೆ "ನಮ್ಮಜ್ಜಿ ಹೇಳಿದರು" ಎಂದು ಇನ್ನೊಬ್ಬರು ತಂದ ತಪ್ಪನ್ನೂ ಒಪ್ಪಬೇಕಾಗುತ್ತದೆ. ಆದರೆ ಈ ನಿಯಮದಿಂದ ನಷ್ಟವೂ ಇದೆ. ಅಚ್ಚಾಗದ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಬಹಳ. ಅದನ್ನು ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹಾಗಾದರೆ ಮಾಡುವುದೇನು? ನಾವು ಮೂರು ಕೆಲಸ ಮಾಡಿದೆವು. ಮೊದಲನೆಯದು, ಅಜ್ಜಿ ಹೇಳಿದ್ದರಲ್ಲಿ ಯಾವುದು ಈಗಾಗಲೇ ಅಚ್ಚಾಗಿದೆ ಎಂದು ಹುಡುಕಿದೆವು. ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯೇ ಇದೆ. ರೇಷ್ಮೆ ಕೃಷಿಯ ಕೈಪಿಡಿಗಳಲ್ಲಿ ನಾಲ್ಕು ಜ್ವರವೂ ಸಿಕ್ಕಿತು, ಚಂದ್ರಿಕೆಯೂ ಸಿಕ್ಕಿತು. ಅವನ್ನು ಧೈರ್ಯವಾಗಿ ಬರೆಯಬಹುದು. ಎರಡನೆಯದು, ಅಜ್ಜಿಯ ಒಪ್ಪಿಗೆ ಪಡೆದು ಚಂದ್ರಿಕೆಯ ಮೇಲಿನ ಗೂಡುಗಳ ಚಿತ್ರ ತೆಗೆದೆವು. ನಾವೇ ತೆಗೆದ ಚಿತ್ರವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಕೊಡಬಹುದು. ಅಲ್ಲಿ ಯಾವ ಭಾಷೆಯ ವಿಕಿಪೀಡಿಯವಾದರೂ ಅದನ್ನು ಬಳಸಿಕೊಳ್ಳುತ್ತದೆ. ಮೂರನೆಯದು, ಯಾವ ಪುಸ್ತಕದಲ್ಲೂ ಸಿಗದ ಮಾತುಗಳನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದು, ಅಜ್ಜಿಯ ದನಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟೆವು. ಅದನ್ನೊಂದು ಲೇಖನ ಮಾಡಿ ಪತ್ರಿಕೆಗೆ ಕಳಿಸುತ್ತೇವೆ. ಸಂಪಾದಕರು ಒಪ್ಪಿ ಅಚ್ಚು ಹಾಕಿದರೆ ಮುಂದೆ ಬರೆಯುವವರಿಗೆ ಅದೇ ಆಧಾರವಾದೀತು.

ಬೀಗಿತಿಗೆ ಇದು ಪೂರ್ತಿ ಸಮಾಧಾನ ಕೊಡಲಿಲ್ಲ. "ಬರೆಯೋರು ಬರೆದರೆ ತಾನೇ ಅಚ್ಚಾಗೋದು" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದರು. ಅವರ ಮಾತಿನಲ್ಲಿ ತಪ್ಪಿಲ್ಲ.

ಇನ್ನು ಶಿಡ್ಲಘಟ್ಟವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಗೌರಿಬಿದನೂರನ್ನು ರೈಸರ ಸಂಪುಟದಲ್ಲಿ 'ಗೋರಿಬಿದ್ನೂರು' ಎಂದಿದೆ. ಇದಕ್ಕಾಗಿ ಜಗಳವಾಡಬೇಕಾಗಿಲ್ಲ. ಬಳಕೆಯಲ್ಲಿರುವ ಹೆಸರಿನಲ್ಲಿ ಒಂದು ಪುಟವಿಟ್ಟು, ಉಳಿದ ಹೆಸರುಗಳಿಂದ ಹುಡುಕಿದವರೂ ಅಲ್ಲಿಗೇ ಬಂದು ಸೇರುವಂತೆ ದಾರಿ ಮಾಡಲು ಅವಕಾಶವಿದೆ.

ಅರಳಿಕಟ್ಟೆಯ ಮರ್ಯಾದೆ

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಒಂದು ಪುಟವಿದೆ. ಅದರ ಹೆಸರು ಅರಳಿಕಟ್ಟೆ. ಈ ಹೆಸರು ಕೇಳಿದಾಗಲೇ ನನಗೆ ಅರ್ಧ ಭಯ ಹೋಯಿತು. ಕಟ್ಟೆಯ ಮೇಲೆ ಕೂತು ಮಾತಾಡುವುದು ನಮಗೇನು ಹೊಸದೇ?

ಕಟ್ಟೆಗೆ ಒಂದು ಮರ್ಯಾದೆ ಇರುತ್ತದೆ. ಎದುರಿಗಿರುವವರು ಒಳ್ಳೆಯ ಉದ್ದೇಶದಿಂದಲೇ ಬಂದಿದ್ದಾರೆಂದು ಮೊದಲು ನಂಬಬೇಕು. ಬರಹವನ್ನು ಟೀಕಿಸಬಹುದು, ಬರೆದವರನ್ನು ಬೈಯಬಾರದು. ನಮ್ಮ ಸಾಲನ್ನು ಅಳಿಸಿದರೆ, ನಾವು ಮತ್ತೆ ಹಾಕಿ, ಅವರು ಮತ್ತೆ ಅಳಿಸಿ, ಹೀಗೆ ಹಗ್ಗಜಗ್ಗಾಟ ಆಡಬಾರದು. ಚರ್ಚೆಪುಟಕ್ಕೆ ಹೋಗಿ ಕೇಳಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿಯನ್ನು ತಿರುಗಿಸಿದರೆ ಬರೆಯದಂತೆ ತಡೆಹಿಡಿಯಬಹುದು.

ಪ್ರತಿ ಪುಟಕ್ಕೂ ಒಂದು ಇತಿಹಾಸವಿದೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಬದಲಾಯಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅಳಿಸಿದ ನಮ್ಮ ಮಾವಿನಹಣ್ಣಿನ ಸಾಲೂ ಅಲ್ಲಿ ಇನ್ನೂ ಇದೆ! ಹೊಸಬರು ತಪ್ಪು ಮಾಡಿ ಕಲಿಯಲೆಂದೇ 'ಪ್ರಯೋಗಪುಟ' ಇದೆ. ನಮ್ಮ ಕಾಲದಲ್ಲಿ ಮರಳು ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಇದೂ ಹಾಗೆಯೇ.

ಯಾವುದು ಆಧಾರವಲ್ಲ ಎಂಬುದನ್ನೂ ತಿಳಿದಿರಬೇಕು. ವಾಟ್ಸಾಪಿನಲ್ಲಿ ಬಂದದ್ದು ಆಧಾರವಲ್ಲ. ವಿಕಿಪೀಡಿಯದ ಒಂದು ಪುಟಕ್ಕೆ ಇನ್ನೊಂದು ಪುಟ ಆಧಾರವಲ್ಲ. ಯಂತ್ರದಿಂದ ಅನುವಾದಿಸಿ ಓದದೆ ಅಂಟಿಸಿದ್ದು ಕನ್ನಡವೇ ಆಗಿರುವುದಿಲ್ಲ. ಬದುಕಿರುವವರ ಬಗ್ಗೆ ಬರೆಯುವಾಗ ಇನ್ನೂ ಎಚ್ಚರ ಬೇಕು. ಆಧಾರವಿಲ್ಲದ ಆರೋಪವನ್ನು ಒಂದು ನಿಮಿಷವೂ ಉಳಿಸಬಾರದು.

ಮಕ್ಕಳಿಗೊಂದು ಮಾತು. ಖಾತೆ ತೆರೆಯುವಾಗ ನಿಮ್ಮ ನಿಜವಾದ ಹೆಸರು ಬೇಡ. ಬೇರೊಂದು ಹೆಸರು ಇಟ್ಟುಕೊಳ್ಳಿ. ವಯಸ್ಸು, ಶಾಲೆ, ಮನೆ ವಿಳಾಸ, ಫೋನ್ ನಂಬರು ಎಲ್ಲೂ ಬರೆಯಬೇಡಿ. ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿರಿಯರಿಗೊಂದು ಮಾತು. ಪಕ್ಕದಲ್ಲಿ ಕೂತರೆ ಸಾಲದು, ಟ್ರಂಕಿನಲ್ಲಿರುವ ಹಳೆಯ ಪುಸ್ತಕಗಳನ್ನೂ ಹೊರಗೆ ತೆಗೆಯಿರಿ. ಮಕ್ಕಳಿಗೆ ಟೈಪು ಮಾಡಲು ಬರುತ್ತದೆ, ಪುಸ್ತಕ ಎಲ್ಲಿದೆ ಎಂಬುದು ನಮಗೆ ಗೊತ್ತು.

ಒಂದು ವಾಕ್ಯ, ಮೂರು ದಿನ

ರಜೆ ಮುಗಿಯುವ ಹೊತ್ತಿಗೆ ಮೊಮ್ಮಗಳು ವಿದುರಾಶ್ವತ್ಥದ ಗೋಲಿಬಾರಿನ ಬಗ್ಗೆ ಪ್ರಯೋಗಪುಟದಲ್ಲಿ ಬರೆದದ್ದು ಒಂದೇ ವಾಕ್ಯ. ಅದಕ್ಕೆ ಹಿಡಿದದ್ದು ಮೂರು ದಿನ. ಸತ್ತವರ ಸಂಖ್ಯೆಯನ್ನು ಒಂದು ಪುಸ್ತಕ 32 ಎಂದೂ ಇನ್ನೊಂದು 35 ಎಂದೂ ಹೇಳುತ್ತದೆ, ಆಗಿನ ಸರಕಾರ ಅದಕ್ಕಿಂತ ಕಡಿಮೆ ಲೆಕ್ಕ ಕೊಟ್ಟಿತು ಎಂದು. ಪ್ರತಿಯೊಂದಕ್ಕೂ ಪಕ್ಕದಲ್ಲಿ ಪುಟ್ಟ ಅಂಕಿ. ಎರಡರ ಆಧಾರ ಕೊಟ್ಟಾಗಿತ್ತು. ಸರಕಾರದ ಲೆಕ್ಕ ಅಚ್ಚಾದ ಪುಟದ ಸಂಖ್ಯೆ ಕೈಗೆ ಸಿಗುವವರೆಗೆ ವಾಕ್ಯವನ್ನು ಪ್ರಯೋಗಪುಟದಲ್ಲೇ ಇಡುತ್ತೇನೆಂದಳು.

ಬಸ್ಸು ಹತ್ತುವಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ನಾನು ಗ್ರಂಥಾಲಯದಲ್ಲಿ ನೋಡಬೇಕಾದ ಪುಸ್ತಕಗಳ ಪಟ್ಟಿ.

"ಪುಟದ ನಂಬರು ಮರೀಬೇಡಿ ತಾತ" ಎಂದಳು, ಕಿಟಕಿಯಿಂದ.

ಸೋಮವಾರ ಗ್ರಂಥಾಲಯಕ್ಕೆ ರಜೆ. ಮಂಗಳವಾರ ಬೆಳಿಗ್ಗೆ ಹೋಗುತ್ತೇನೆ.